ಕೋಟಿನ ಮೇಲಿನ ರುಮಾಲು

ಹಲಸೂರು, ಇಂದಿರಾನಗರಗಳನ್ನು ದಾಟಿ ಕೃಷ್ಣರಾಜಪುರದ ದಿಕ್ಕಿಗೆ ಹೊರಟವರಿಗೆ ಬೈಯಪ್ಪನಹಳ್ಳಿಯಲ್ಲಿ ೨೦೨೨ನೆಯ ಇಸವಿಯಲ್ಲಿ ಪ್ರಯಾಣಿಕರಿಗೆ ತೆರೆದ ದೊಡ್ಡ ರೈಲು ನಿಲ್ದಾಣವು ಕಾಣಸಿಗುವುದು. ಅದಕ್ಕೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನಿಟ್ಟಿದ್ದಾರೆ. ಆ ಹೆಸರನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೊದಲು ಮೂಡುವ ಚಿತ್ರ ಯಾವುದು? ಕನ್ನಂಬಾಡಿಯ ಕಟ್ಟೆ ಮೂಡುವುದು ತರುವಾಯ. ಮೊದಲು ಮೂಡುವುದು ಸರಿಗೆಯಂಚಿನ ಮೈಸೂರು ರುಮಾಲು, ಅದರ ಕೆಳಗೆ ಕೃಶವಾದ ಮುಖ, ಗುಂಡಿ ತಪ್ಪದ ಕೋಟು, ಕೊರಳಿಗೆ ಟೈ. ಪ್ರತಿವರ್ಷವೂ ಸೆಪ್ಟೆಂಬರ್ ೧೫ರಂದು ಎಂಜಿನಿಯರುಗಳ ದಿನಾಚರಣೆಯಲ್ಲಿ ಮಗುವೊಂದಕ್ಕೆ ಅವರ ವೇಷ ಹಾಕಿಸಬೇಕಾದರೆ ಒಂದು ಕೋಟು, ಒಂದು ರುಮಾಲು, ಇವೆರಡೇ ಸಾಕಾಗುವುವು. ಹೆಸರು ಹೇಳದೆಯೇ ಸಭೆಗೆ ಗುರುತು ಹತ್ತುವುದು. ಗಾಂಧೀಜಿಯವರನ್ನು ಬಿಟ್ಟರೆ ಉಡುಪಿನಿಂದಲೇ ಇಷ್ಟು ಸುಲಭವಾಗಿ ಗುರುತಿಸಲ್ಪಡುವ ಹಿರಿಯರು ನಮ್ಮ ನಾಡಿನಲ್ಲಿ ಬಹಳ ಮಂದಿ ಇಲ್ಲ.

ಆದರೆ ಈ ಉಡುಪಿನ ವಿಷಯದಲ್ಲಿ ರಾಷ್ಟ್ರಾಭಿಮಾನಿಗಳೆನಿಸಿಕೊಂಡವರಿಗೆ ಹಿಂದಿನಿಂದಲೂ ಒಂದು ಸಂಕೋಚವಿದೆ. ಖಾದಿಯೇ ದೇಶಭಕ್ತಿಯ ಗುರುತಾಗಿದ್ದ ಕಾಲದಲ್ಲಿ, ಬೀದಿಬೀದಿಗಳಲ್ಲಿ ಪರದೇಶದ ಬಟ್ಟೆಯನ್ನು ಸುಡುತ್ತಿದ್ದ ಕಾಲದಲ್ಲಿ, ಪರಂಗಿಯವರ ಕೋಟು ಷರಾಯಿಗಳನ್ನು ಕೊನೆಯವರೆಗೂ ಬಿಡದಿದ್ದವರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು? ದೇಶೋದ್ಧಾರಕರೆಂದು ಅವರನ್ನು ಕೊಂಡಾಡುವ ನಾಲಿಗೆಯೇ ಈ ಪ್ರಶ್ನೆ ಬಂದಾಗ ತಡವರಿಸುವುದುಂಟು. ನಮ್ಮ ಅಭಿಪ್ರಾಯದಲ್ಲಿ ಈ ತಡವರಿಕೆಗೆ ಕಾರಣವಿಲ್ಲ. ಆ ಉಡುಪನ್ನು ಅವರು ಎಲ್ಲಿ, ಯಾರ ಎದುರಿಗೆ, ಏನನ್ನು ಕಳೆದುಕೊಳ್ಳಲು ಸಿದ್ಧರಾಗಿ ತೊಟ್ಟರೆಂಬುದನ್ನು ನೋಡಿದರೆ ಸಂಗತಿಯು ಬೇರೆಯಾಗಿಯೇ ತೋರುವುದು.

೧೮೬೧ರಲ್ಲಿ ನಂದಿಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಈ ವೈದಿಕ ಮನೆತನದ ಹುಡುಗನು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಹೊಟ್ಟೆಬಟ್ಟೆಗಳನ್ನು ನಡೆಸಿಕೊಳ್ಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ೧೮೮೧ರಲ್ಲಿ ಬಿ. ಎ. ಪದವಿಯನ್ನು ಪಡೆದನು. ಅದೇ ೧೮೮೧ನೆಯ ಇಸವಿಯಲ್ಲಿಯೇ ಆಂಗ್ಲೇಯರು ಮೈಸೂರು ಸಂಸ್ಥಾನವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿ, ಬೆಂಗಳೂರಿನ ದಂಡು ಪ್ರದೇಶವನ್ನು ಮಾತ್ರ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ತಮ್ಮ ಕೈಯಲ್ಲಿಯೇ ಉಳಿಸಿಕೊಂಡರು. ಪೇಟೆಯು ಮಹಾರಾಜರದು, ದಂಡು ರೆಸಿಡೆಂಟರದು. ಸೆಂಟ್ರಲ್ ಕಾಲೇಜಿನಿಂದ ಪಡುವಣಕ್ಕೆ ನಡೆದರೆ ಒಂದು ಊರು, ಮೂಡಣಕ್ಕೆ ನಡೆದರೆ ಮತ್ತೊಂದು ಊರು.

ಈ ಎರಡು ಊರುಗಳ ಗಡಿಯನ್ನು ಕಲ್ಲು ನೆಟ್ಟು ತೋರಿಸಬೇಕಾದ ಅಗತ್ಯವಿರಲಿಲ್ಲ, ಉಡುಪೇ ತೋರಿಸುತ್ತಿದ್ದಿತು. ಪೇಟೆಯಲ್ಲಿ ಪಂಚೆ, ಉತ್ತರೀಯ, ರುಮಾಲು. ದಂಡಿನಲ್ಲಿ ಸೋಲ್ಜರನ ಸಮವಸ್ತ್ರ, ಸಾಹೇಬನ ಹ್ಯಾಟು, ಹಲಸೂರಿನ ಮದರಾಸು ಸ್ಯಾಪರುಗಳ ವಿಶಿಷ್ಟವಾದ ತಲೆಯುಡುಪು, ಈಗ ಶಿವಾಜಿನಗರವೆನಿಸಿರುವ ಬ್ಲ್ಯಾಕ್‌ಪಲ್ಲಿಯ ಓಣಿಗಳಲ್ಲಿ ಇವರೆಲ್ಲರಿಗೂ ಹೊಲಿದು ಒಗೆದು ಕೊಡುತ್ತಿದ್ದ ಜನ. ದಂಡಿನಲ್ಲಿ ಭಾರತೀಯನ ರುಮಾಲಿಗೆ ಸ್ಥಳವಿರಲಿಲ್ಲವೆಂದಲ್ಲ; ಸ್ಥಳವು ಧಾರಾಳವಾಗಿ ಇದ್ದಿತು, ಬಟ್ಲರನ ತಲೆಯ ಮೇಲೆ! ಸಾಹೇಬನ ಊಟದ ಮೇಜಿನ ಬಳಿ ನಿಂತವನಿಗೂ, ಬಾಗಿಲು ಕಾಯುವ ಜವಾನನಿಗೂ ಅಂದವಾದ ರುಮಾಲನ್ನು ಸುತ್ತಿಸಿ ನೋಡುವುದು ಪರಂಗಿಯವರಿಗೆ ಪ್ರಿಯವಾಗಿದ್ದಿತು. (ಇಂದಿಗೂ ನಮ್ಮ ದೊಡ್ಡ ಹೋಟೆಲುಗಳು ಬಾಗಿಲು ತೆರೆಯುವವನ ತಲೆಗೇ ಮೈಸೂರು ಪೇಟವನ್ನಿಡುವುದನ್ನು ಕಂಡರೆ ಆ ರುಚಿ ಇನ್ನೂ ಪೂರ್ತಿಯಾಗಿ ಹೋಗಿಲ್ಲವೆಂದು ತೋರುತ್ತದೆ.) ಆಳುವವನಿಗೆ ಕೋಟು, ಬಡಿಸುವವನಿಗೆ ರುಮಾಲು, ಇದು ದಂಡಿನ ವರ್ಣಾಶ್ರಮ. ಆ ಕೋಟನ್ನೂ ಆ ರುಮಾಲನ್ನೂ ಒಬ್ಬನೇ ಮನುಷ್ಯನು ಒಂದೇ ಮೈಮೇಲೆ ಧರಿಸಿ, ಬಡಿಸುವವನ ಭಂಗಿಯನ್ನು ಬಿಟ್ಟು ಲೆಕ್ಕ ಕೇಳುವವನ ಭಂಗಿಯಲ್ಲಿ ನಿಂತರೆ ನೋಡುವವನ ಮನಸ್ಸಿನಲ್ಲಿ ಏನಾದೀತು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಪೂನಾದ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ೧೮೮೪ರಲ್ಲಿ ಅವರು ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯನ್ನು ಸೇರಿದರು. ಸಿಂಧದ ಸುಕ್ಕೂರಿಗೆ ನೀರು ಕೊಟ್ಟುದು, ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ಏರಿಳಿಯುವ ಬಾಗಿಲುಗಳನ್ನು ಇಡಿಸಿದುದು, ಏಡನ್ ಬಂದರಿಗೆ ಹೋಗಿ ಬಂದುದು, ಇವೆಲ್ಲವೂ ಸುಪರಿಚಿತವಾದ ಸಂಗತಿಗಳು. ನಮ್ಮ ವಿಷಯಕ್ಕೆ ಮುಖ್ಯವಾದುದು ಅವರು ೧೯೦೮ರಲ್ಲಿ ಆ ಕೆಲಸವನ್ನು ಬಿಟ್ಟುದು. ಇಲಾಖೆಯ ಅತ್ಯುನ್ನತ ಪದವಿಗೆ ಭಾರತೀಯನು ಏರುವ ಸಂಭವವು ಅಂದು ಇರಲಿಲ್ಲ. ಆಂಗ್ಲೇಯನಂತೆ ಉಟ್ಟು, ಆಂಗ್ಲೇಯನಿಗಿಂತ ಚೆನ್ನಾಗಿ ದುಡಿದರೂ ಕೋಟು ತೆರೆಯಿಸಬಲ್ಲ ಬಾಗಿಲುಗಳು ಕೆಲವೇ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೋಟು ತೊಟ್ಟರೆ ಸಾಹೇಬನಾಗುವೆನೆಂಬ ಭ್ರಮೆಯಿಂದ ಅದನ್ನು ತೊಟ್ಟವರಾಗಿದ್ದರೆ ಅಂದೇ ಅದನ್ನು ಕಳಚಿ ಎಸೆಯುತ್ತಿದ್ದರು. ಎಸೆಯಲಿಲ್ಲ.

ಇದಕ್ಕೆ ಹತ್ತು ವರ್ಷ ಮೊದಲು, ೧೮೯೮ರಲ್ಲಿ, ಅವರು ಜಪಾನಿಗೆ ಹೋಗಿ ಬಂದಿದ್ದರು. ಆ ದೇಶದ ಸರ್ಕಾರವು ೧೮೭೦ರ ದಶಕದಲ್ಲಿಯೇ ತನ್ನ ಅಧಿಕಾರಿಗಳಿಗೆ ಐರೋಪ್ಯ ಮಾದರಿಯ ಕೋಟನ್ನು ವಿಧಿಸಿದ್ದಿತು. ಸಮಾನರಲ್ಲದವರೊಡನೆ ಸಮಾನತೆಯ ಒಪ್ಪಂದವನ್ನು ಪರಂಗಿಯವರು ಮಾಡಿಕೊಳ್ಳರೆಂಬುದು ಅವರ ಲೆಕ್ಕ. ಕೋಟು ತೊಟ್ಟ ಜಪಾನು ಯಾರಿಗೂ ದಾಸನಾಗಲಿಲ್ಲ. ತುರ್ಕಿಯಲ್ಲಿ ಕೆಮಾಲನು ೧೯೨೫ರಲ್ಲಿ ಹ್ಯಾಟಿನ ಕಾನೂನನ್ನು ಮಾಡಿ ಹಳೆಯ ಟೋಪಿಯನ್ನೇ ನಿಷೇಧಿಸಿದನು. ವಿಶ್ವೇಶ್ವರಯ್ಯನವರು ಅಷ್ಟು ದೂರ ಹೋಗಲಿಲ್ಲ. ಕೊರಳಿನಿಂದ ಕೆಳಕ್ಕೆ ಪಶ್ಚಿಮದ ಉಡುಪನ್ನು ಒಪ್ಪಿಕೊಂಡು ತಲೆಯನ್ನು ಮಾತ್ರ ಮೈಸೂರಿಗೆ ಮೀಸಲಿಟ್ಟರು. ಹ್ಯಾಟನ್ನೇ ಇಟ್ಟುಕೊಂಡು ಓಡಾಡುತ್ತಿದ್ದ ದೇಶೀಯ ಅಧಿಕಾರಿಗಳು ಆ ಕಾಲದಲ್ಲಿ ಕಡಿಮೆಯಿರಲಿಲ್ಲವೆಂಬುದನ್ನು ನೆನೆದರೆ ಈ ಆಯ್ಕೆಯ ಬೆಲೆ ತಿಳಿಯುವುದು.

೧೯೦೯ರಲ್ಲಿ ಅವರು ಮೈಸೂರಿನ ಚೀಫ್ ಎಂಜಿನಿಯರಾಗಿ ಬಂದರು. ದಸರೆಯ ಕಾಲದಲ್ಲಿ ಮಹಾರಾಜರು ಐರೋಪ್ಯ ಅತಿಥಿಗಳಿಗಾಗಿ ಒಂದು ದಿನ ದರ್ಬಾರು ನಡೆಸುವ ಪದ್ಧತಿ ಅರಮನೆಯಲ್ಲಿ ಇದ್ದಿತು. ಆ ದಿನ ಐರೋಪ್ಯರಿಗೆ ಕುರ್ಚಿ. ದೇಶೀಯ ಅಧಿಕಾರಿಗಳಿಗೆ, ಅವರು ಎಷ್ಟೇ ದೊಡ್ಡವರಾಗಿರಲಿ, ಕೆಳಗೆ ಹಾಸಿದ ಜಮಖಾನ. ದರ್ಬಾರಿನ ನಿಲುವಂಗಿ, ವಲ್ಲಿ, ಸರಿಗೆಯ ರುಮಾಲುಗಳಿಂದ ಅಲಂಕೃತರಾದ ನಮ್ಮ ಹಿರಿಯ ಅಧಿಕಾರಿಗಳು ಚಕ್ಕಳಮಕ್ಕಳ ಹಾಕಿ ಕುಳಿತು, ತಮ್ಮ ಕೈಕೆಳಗೆ ದುಡಿಯಬಹುದಾದಂಥ ಬಿಳಿಯರ ಬೂಟುಗಳನ್ನು ಕಣ್ಣಿನ ಮಟ್ಟದಲ್ಲಿ ನೋಡುತ್ತಿದ್ದರು. ಯಾರಿಗೂ ಇದು ಅಪಮಾನವೆಂದು ತೋರಿದಂತಿಲ್ಲ. ತೋರಿದ್ದರೂ ಬಾಯಿ ಬಿಟ್ಟವರಿಲ್ಲ. ವಿಶ್ವೇಶ್ವರಯ್ಯನವರು ಒಂದು ಸಾರಿ ಹೋಗಿ ನೋಡಿ ಬಂದರು. ಮರುವರ್ಷ ಆಹ್ವಾನ ಬಂದಾಗ ಹೋಗಲಿಲ್ಲ. ಅರಮನೆಯಿಂದ ಕಾರಣವನ್ನು ವಿಚಾರಿಸಿದಾಗ ಇದ್ದುದನ್ನು ಇದ್ದಂತೆ ತಿಳಿಸಿದರು. ಅಲ್ಲಿಂದ ಮುಂದೆ ಎಲ್ಲರಿಗೂ ಕುರ್ಚಿಗಳು ಬಂದುವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೆಲದ ಮೇಲೆ ಕೂರುವುದು ನಮ್ಮವರಿಗೆ ಅಪಮಾನವಲ್ಲ. ಮದುವೆಯ ಚಪ್ಪರದಲ್ಲಿ, ಹರಿಕಥೆಯಲ್ಲಿ, ಊಟದ ಪಂಕ್ತಿಯಲ್ಲಿ ರಾಯನೂ ರೈತನೂ ನೆಲದ ಮೇಲೆಯೇ ಕೂರುವರು. ಎಲ್ಲರೂ ಜಮಖಾನದ ಮೇಲೆ ಕುಳಿತಿದ್ದರೆ ವಿಶ್ವೇಶ್ವರಯ್ಯನವರಿಗೆ ಆಕ್ಷೇಪಣೆಯ ಎಡೆಯೇ ಇರುತ್ತಿರಲಿಲ್ಲ. ಒಬ್ಬನಿಗೆ ಎತ್ತರ, ಒಬ್ಬನಿಗೆ ತಗ್ಗು, ಅದೂ ಚರ್ಮದ ಬಣ್ಣವನ್ನು ನೋಡಿ, ಎಂಬುದು ದೋಷ. ಹೀಗೆ ಒಂದು ದಿನದ ದರ್ಬಾರಿಗಾಗಿ ಮಹಾರಾಜರ ಅಪ್ರಸನ್ನತೆಯನ್ನು ಎದುರುಹಾಕಿಕೊಳ್ಳಲು ಸಿದ್ಧರಾದವರು ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುವುದನ್ನು ದಾಸ್ಯವೆಂದು ಕರೆಯಲು ನಮಗೆ ನಾಲಿಗೆ ಏಳದು.

೧೯೧೨ರಲ್ಲಿ ಅವರು ದಿವಾನರಾದರು. ಆರು ವರ್ಷಗಳ ದಿವಾನಗಿರಿಯಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಸಾಬೂನಿನ ಕಾರ್ಖಾನೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆರಂಭ, ಹೀಗೆ ಪಟ್ಟಿಯು ಉದ್ದವಾಗುವುದು. ಇವುಗಳ ನಡುವೆ ಮರೆತುಹೋಗುವ ಒಂದು ಸಣ್ಣ ಸಂಗತಿಯು ನಮ್ಮ ಮಾತಿಗೆ ಸಂಬಂಧಿಸಿದುದು. ದಂಡಿನಲ್ಲಿ ೧೮೬೮ರಿಂದ ಇದ್ದ ಯುನೈಟೆಡ್ ಸರ್ವೀಸ್ ಕ್ಲಬ್ಬು ಬಹುಕಾಲ ಆಂಗ್ಲ ಅಧಿಕಾರಿಗಳಿಗೇ ಮೀಸಲಾಗಿದ್ದಿತು. ೧೯೧೭ರಲ್ಲಿ ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ ಸೆಂಚುರಿ ಕ್ಲಬ್ಬು ಹುಟ್ಟಿತು. ಮುಚ್ಚಿದ ಬಾಗಿಲನ್ನು ತಟ್ಟುತ್ತ ನಿಲ್ಲುವುದಕ್ಕಿಂತ ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳುವುದು ಅವರ ರೀತಿ.

ಆ ದಂಡಿನಲ್ಲಿಯೇ ೧೮೯೬ರಿಂದ ಕೆಲವು ಕಾಲ ಚರ್ಚಿಲ್ ಎಂಬ ತರುಣ ಅಶ್ವದಳದ ಅಧಿಕಾರಿಯು ಬಂಗಲೆ ಹಿಡಿದುಕೊಂಡಿದ್ದನು. ದಂಡಿನ ಕಣ್ಣಿನಿಂದಲೇ ಭಾರತೀಯರನ್ನು ನೋಡಲು ಕಲಿತ ಆತನು ೧೯೩೧ರಲ್ಲಿ, ಗಾಂಧೀಜಿಯವರು ವೈಸರಾಯಿಯ ಅರಮನೆಯ ಮೆಟ್ಟಿಲುಗಳನ್ನು ಏರಿದಾಗ, ಅವರ ಅರೆಮೈ ಉಡುಪನ್ನು ಹೀಯಾಳಿಸಿ ಲೋಕಪ್ರಸಿದ್ಧನಾದನು. ಆದರೆ ಗಾಂಧೀಜಿಯವರ ಉಡುಪೂ ಒಂದೇ ದಿನದಲ್ಲಿ ಆದುದಲ್ಲ. ಲಂಡನ್ನಿನಲ್ಲಿ ಓದುವಾಗ ಅವರದು ಸೊಗಸಾದ ಪರಂಗಿ ವೇಷ. ೧೯೧೫ರ ಮೇ ತಿಂಗಳಿನಲ್ಲಿ ಗೋಖಲೆಯವರ ಭಾವಚಿತ್ರವನ್ನು ಅನಾವರಣ ಮಾಡಲು ಬೆಂಗಳೂರಿಗೆ ಬಂದಾಗ ಕಾಠಿಯಾವಾಡದ ಅಂಗರಖಾ, ಪೇಟ. ೧೯೨೧ರಲ್ಲಿ ಮಧುರೆಯಲ್ಲಿ ಅವನ್ನೂ ಬಿಟ್ಟು ತುಂಡು ಪಂಚೆಗೆ ಇಳಿದರು. ೧೯೨೭ರಲ್ಲಿ ಆರೋಗ್ಯಕ್ಕಾಗಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ತಂಗಿದ್ದಾಗ ನಮ್ಮ ಜನ ಕಂಡುದು ಆ ತುಂಡು ಪಂಚೆಯ ಮೂರ್ತಿಯನ್ನು. ಆ ಬೆಟ್ಟದ ಮೇಲಿನಿಂದ ನೋಡಿದರೆ ಮುದ್ದೇನಹಳ್ಳಿಯ ಸೀಮೆ ಕಾಣುವುದು. ಬಡತನದಲ್ಲಿ ಹುಟ್ಟಿದವರು ಕೋಟು ತೊಟ್ಟರು; ದಿವಾನರ ಮನೆಯಲ್ಲಿ ಹುಟ್ಟಿದವರು ಅದನ್ನು ಕಳಚಿದರು!

ಇವರಿಬ್ಬರಿಗೂ ಅಭಿಪ್ರಾಯಭೇದವು ಇದ್ದಿತು. ದೊಡ್ಡ ಯಂತ್ರಗಳಿಲ್ಲದೆ ದೇಶವು ಉಳಿಯದೆಂದು ಒಬ್ಬರು, ಚರಕವಿಲ್ಲದೆ ಹಳ್ಳಿಯು ಉಳಿಯದೆಂದು ಇನ್ನೊಬ್ಬರು. ಆದರೂ ಒರಿಸ್ಸಾ ಪ್ರಾಂತ್ಯವು ನೆರೆಗಳಿಂದ ತತ್ತರಿಸಿದಾಗ, ೧೯೩೭ರಲ್ಲಿ, ಗಾಂಧೀಜಿಯವರ ಸಲಹೆಯ ಮೇರೆಗೆ ಅಲ್ಲಿಗೆ ಹೋಗಿ ನದಿಗಳನ್ನು ಪರೀಕ್ಷಿಸಿದವರು ವಿಶ್ವೇಶ್ವರಯ್ಯನವರೇ. ಪಂಚೆಗೆ ಕೋಟಿನ ಮೇಲೆ ಅವಿಶ್ವಾಸವಿರಲಿಲ್ಲ. ಅವಿಶ್ವಾಸವೆಲ್ಲವೂ ಇಬ್ಬರ ಹಿಂಬಾಲಕರಲ್ಲಿ. ನಮಗೆ ಕಾಣುವ ಸಾಮ್ಯವೊಂದು ಬೇರೆ ಇದೆ: ಇಬ್ಬರೂ ಎದುರಿಗಿರುವವನನ್ನು ನೋಡಿ ಉಡುಪನ್ನು ಬದಲಿಸಿದವರಲ್ಲ. ೧೯೩೧ರಲ್ಲಿ ಗಾಂಧೀಜಿಯವರು ಇಂಗ್ಲೆಂಡಿನ ದೊರೆಯ ಅರಮನೆಗೂ ಪಂಚೆಯಲ್ಲಿಯೇ ಹೋದರು. ವಿಶ್ವೇಶ್ವರಯ್ಯನವರು ಬಿಸಿಲಿನ ಕಟ್ಟೆಯ ಮೇಲೆಯೂ, ಬರುವವರು ಯಾರೂ ಇಲ್ಲದ ಮನೆಯ ಕೋಣೆಯಲ್ಲಿಯೂ ಕೋಟಿನಲ್ಲಿಯೇ ಇದ್ದರು. ಪೇಟೆಗೆ ಬಂದರೆ ಜುಬ್ಬ, ಸೆಕ್ರೆಟೇರಿಯಟ್ಟಿಗೆ ಹೋದರೆ ಸೂಟು, ಮತ ಕೇಳಲು ಹೊರಟರೆ ಖಾದಿ ಎಂಬ ನಮ್ಮ ಕಾಲದ ಚಾತುರ್ಯವನ್ನು ಇಬ್ಬರೂ ಕಲಿಯಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದೆ ಬಿಟ್ಟರೆ ಅದು ಚರಿತ್ರೆಯಾಗದು, ಸ್ತೋತ್ರವಾದೀತು. ದರ್ಬಾರಿನಲ್ಲಿ ಸಮಾನತೆಯನ್ನು ಸಾರಿದ ಕೋಟು ಹಳ್ಳಿಯಲ್ಲಿ ಬೇರೊಂದು ಭಾಷೆಯನ್ನಾಡುತ್ತಿದ್ದಿತು. ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿ ಮೊದಲಾದ ಊರುಗಳು ಮುಳುಗಿದುವು. ಅಲ್ಲಿನ ರೈತನು ಕೋಟು ತೊಟ್ಟವನನ್ನು ಕಂಡದ್ದು ಕಂದಾಯಕ್ಕಾಗಿ, ಜಪ್ತಿಗಾಗಿ, ಹೊಲವನ್ನು ಅಳೆಯುವುದಕ್ಕಾಗಿ. ಆತನ ಕಣ್ಣಿಗೆ ಈ ಕೋಟೂ ಸರ್ಕಾರದ ಕೋಟೇ. ತಲೆಯ ಮೇಲೆ ಇದ್ದುದು ನಮ್ಮ ರುಮಾಲೇ ಆದರೂ ಅದರ ಸರಿಗೆಯು ರೈತನ ರುಮಾಲಿನಲ್ಲಿ ಇರಲಿಲ್ಲ. ಜನರು ವಿಶ್ವೇಶ್ವರಯ್ಯನವರನ್ನು ಗೌರವಿಸಿದರು, ಅವರ ಶಿಸ್ತಿಗೆ ಹೆದರಿದರು; ಗಾಂಧೀಜಿಯವರ ಕಾಲನ್ನು ಮುಟ್ಟಲು ನುಗ್ಗಿದಂತೆ ಅವರ ಬಳಿಗೆ ನುಗ್ಗಲಿಲ್ಲ. ಆ ದೂರವನ್ನು ಅವರು ಬಲ್ಲರು. ಬಲ್ಲವರಾಗಿಯೂ ಕಡಿಮೆ ಮಾಡಿಕೊಳ್ಳಲು ಯತ್ನಿಸಿದಂತೆ ನಮಗೆ ತೋರುವುದಿಲ್ಲ.

ಕೊನೆಯ ದಿನಗಳಲ್ಲಿ ಅವರ ವಾಸವು ಹೈಗ್ರೌಂಡಿನ ಅಪ್‌ಲ್ಯಾಂಡ್ಸ್ ಎಂಬ ಮನೆಯಲ್ಲಿ. ಹೈಗ್ರೌಂಡು ಹಿಂದೆ ದಂಡಿನ ಪುರಸಭೆಯ ಆರು ವಿಭಾಗಗಳಲ್ಲಿ ಒಂದಾಗಿದ್ದಿತು. ೧೯೪೭ರಲ್ಲಿ ದಂಡು ಮೈಸೂರಿಗೆ ಮರಳಿತು. ೧೯೪೯ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಸಾಹೇಬರು ಹೊರಟುಹೋದರು, ಯಾರ ಎದುರಿಗೆ ಸಮನಾಗಿ ನಿಲ್ಲಬೇಕಾಗಿದ್ದಿತೋ ಆ ಎದುರಾಳಿಯೇ ಇಲ್ಲವಾದನು. ಆದರೂ ತೊಂಬತ್ತು ದಾಟಿದ ಆ ವೃದ್ಧರು ನಿತ್ಯವೂ ಮುಖಕ್ಷೌರ ಮಾಡಿಕೊಂಡು, ಪೂರ್ಣ ಉಡುಪು ಧರಿಸಿ, ರುಮಾಲಿಟ್ಟುಕೊಂಡು, ಗಡಿಯಾರದ ಮುಳ್ಳಿಗೆ ಸರಿಯಾಗಿ ಕುರ್ಚಿಯಲ್ಲಿ ಕೂರುತ್ತಿದ್ದರು. ಅದೇ ಉಡುಪಿನಲ್ಲಿಯೇ ಬಿಹಾರಕ್ಕೆ ಹೋಗಿ ಗಂಗೆಗೆ ಸೇತುವೆ ಎಲ್ಲಿ ಆಗಬೇಕೆಂದು ನೋಡಿ ಬಂದರು. ೧೯೫೫ರಲ್ಲಿ ಭಾರತರತ್ನವೂ ಬಂದಿತು. ೧೯೬೨ರ ಏಪ್ರಿಲಿನಲ್ಲಿ, ನೂರು ವರ್ಷಗಳ ಮೇಲೆ ಬದುಕಿ, ಬೆಂಗಳೂರಿನಲ್ಲಿ ಕಾಲವಾದರು. ಅಂತ್ಯಕ್ರಿಯೆಯು ಮುದ್ದೇನಹಳ್ಳಿಯಲ್ಲಿ ನಡೆಯಿತು.