ಮೂವತ್ತು ವರ್ಷ ಕಾದವರ ಕ್ರಿಸ್ಮಸ್: ಸಂತ ಜೋಸೆಫ್ ವಾಜರ ಜೀವನ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಇಷ್ಟು ದೂರದ ಮುಡಿಪು ಬೆಟ್ಟಕ್ಕೆ ಬಂದಿರುವ ನಿಮಗಾಗಿ ಈ ನಾಲ್ಕು ಮಾತು. ಡಿಸೆಂಬರ್ ಬಂತೆಂದರೆ ನಮ್ಮ ಸೀಮೆಯಲ್ಲಿ ತೊಗರಿ ಕೊಯ್ಲಿನ ಗಡಿಬಿಡಿ, ಹೊಲದಲ್ಲಿ ಬಿಳಿಜೋಳ, ಮುಂಜಾನೆ ಮೈ ನಡುಗಿಸುವ ಚಳಿ. ಅದೇ ಹೊತ್ತಿಗೆ ದೇವಾಲಯದಲ್ಲಿ ಆಗಮನ ಕಾಲ ಶುರುವಾಗುತ್ತದೆ. ನಾಲ್ಕು ಭಾನುವಾರ, ನಾಲ್ಕು ಮೇಣದಬತ್ತಿ. ಅಷ್ಟರಲ್ಲೇ ಮಕ್ಕಳು ಕ್ರಿಸ್ಮಸ್ ಯಾವಾಗ ಎಂದು ಹತ್ತು ಸಲ ಕೇಳಿರುತ್ತಾರೆ. ಆದರೆ ಒಮ್ಮೆ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ ಕಥೋಲಿಕ ಮಂದಿ ಒಬ್ಬ ಗುರುವಿನ ಮುಖ ನೋಡಲು ಸುಮಾರು ಮೂವತ್ತು ವರ್ಷ ಕಾದರು. ಅವರ ಬಳಿಗೆ ಹೋದವರೇ ಈ ಬೆಟ್ಟದ ಸಂತರು.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವಾದ ಬೆನಾಲಿಮ್ ಎಂಬಲ್ಲಿ, ತಾಯಿಯ ತವರೂರಿನಲ್ಲಿ ಹುಟ್ಟಿದರು. ತಂದೆಯ ಊರು ಸಾಂಕವಾಳ. ಮನೆಮಾತು ಕೊಂಕಣಿ, ಪೋರ್ಚುಗೀಸ್ ಮತ್ತು ಲ್ಯಾಟಿನ್ ಓದಿ ಕಲಿತದ್ದು. ಅವರಿಗೆ ಡೀಕನ್ ದೀಕ್ಷೆ ಕೊಟ್ಟವರು ಧರ್ಮಾಧ್ಯಕ್ಷ ಕುಸ್ತೋದಿಯೋ ದ ಪಿನ್ಹೋ. ಇವರು ಬಿಜಾಪುರ ಮತ್ತು ಗೋಲ್ಕೊಂಡ ಸೀಮೆಗೆ ನೇಮಕವಾಗಿದ್ದ ಧರ್ಮಾಧ್ಯಕ್ಷರು. ನಮ್ಮ ಕಲಬುರಗಿ ಭಾಗ ಬೀಳುವುದು ಆ ಎರಡು ರಾಜಧಾನಿಗಳ ನಡುವೆಯೇ. ನಮಗೂ ಈ ಸಂತರಿಗೂ ಇರುವ ನಂಟು ತೀರಾ ದೂರದ್ದಲ್ಲ ಅನ್ನಲು ಇಷ್ಟು ಸಾಕು! 1676ರಲ್ಲಿ ಗುರುದೀಕ್ಷೆ ಆಯಿತು. ಮರುವರ್ಷ ಆಗಸ್ಟ್ 5ರಂದು ತಾವು ಮಾತೆ ಮರಿಯಮ್ಮನವರ ದಾಸ ಎಂದು ಪತ್ರ ಬರೆದು ತಮ್ಮನ್ನೇ ಒಪ್ಪಿಸಿಕೊಂಡರು. ಆಮೇಲೆ ಮಾಡಿದ್ದೆಲ್ಲಾ ಆಳಿನಂತೆಯೇ ಮಾಡಿದರು.

1681ರಲ್ಲಿ ಅವರನ್ನು ಕೆನರಾ ಸೀಮೆಗೆ ಕಳಿಸಿದರು. ಆಗ ಇಲ್ಲಿ ಕೆಳದಿ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಕ್ರೈಸ್ತರು ಇದ್ದರು, ಆದರೆ ಇಬ್ಭಾಗವಾಗಿದ್ದರು. ಪೋರ್ಚುಗೀಸ್ ದೊರೆಯ ಹಕ್ಕಿನಡಿ ಗೋವಾದಿಂದ ಬಂದ ಗುರುಗಳು ಒಂದು ಕಡೆ, ರೋಮಿನಿಂದ ನೇರ ನೇಮಕವಾದ ಧರ್ಮಾಧ್ಯಕ್ಷರು ಇನ್ನೊಂದು ಕಡೆ. ಯಾರ ಕೈಯಿಂದ ಸಂಸ್ಕಾರ ಪಡೆದರೆ ಸರಿ ಎಂಬ ಜಗಳದಲ್ಲಿ ಬಡ ಮಂದಿ ದಿಕ್ಕು ತಪ್ಪಿದ್ದರು. ವಾಜರು ಗೋವಾದ ಕಡೆಯವರೇ. ಆದರೂ ಗದ್ದಲ ಮಾಡದೆ, ವಿನಯದಿಂದ ಸಮಾಧಾನದ ದಾರಿ ಹುಡುಕಿದರು. ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿ ಎಂದು ಬರಿಗಾಲಲ್ಲಿ ತಿರುಗಿದರು. ಈ ಮುಡಿಪು ಬೆಟ್ಟದಲ್ಲಿ ಅವರ ಜೀವ ತೆಗೆಯುವ ಸಂಚು ನಡೆದಿತ್ತು, ದೇವರು ಕಾಪಾಡಿದರು, ಇಲ್ಲಿ ನೀರಿನ ಸೆಲೆ ಚಿಮ್ಮಿತು ಎಂದು ಹಿರಿಯರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. 1684ರಲ್ಲಿ ಗೋವಾಕ್ಕೆ ಮರಳಿ, ಮರುವರ್ಷ ಅಲ್ಲಿನ ಗುರುಗಳ ಚಿಕ್ಕದೊಂದು ಒರಟೋರಿಯನ್ ಕೂಟ ಸೇರಿದರು. ಸೇರಿದವರನ್ನೇ ಆ ಕೂಟ ಮೇಲಧಿಕಾರಿ ಮಾಡಿಕೊಂಡಿತು.

ಆದರೆ ಅವರ ಮನಸ್ಸೆಲ್ಲಾ ಸಿಲೋನಿನ ಮೇಲೆ. ಡಚ್ಚರು 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಹಿಡಿದು ಕಥೋಲಿಕ ಗುರುಗಳನ್ನೆಲ್ಲಾ ಹೊರಗಟ್ಟಿದ್ದರು. ಗುರುವಿಗೆ ಮನೆಯಲ್ಲಿ ಜಾಗ ಕೊಟ್ಟವನಿಗೆ ಮರಣದಂಡನೆ ಎಂದು ಸಾರಿದ್ದರು. ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಜಪಸರ ಹಿಡಿದುಕೊಂಡು ಮನೆಯೊಳಗೇ ಗುಟ್ಟಾಗಿ ಮಾಡುವ ಪ್ರಾರ್ಥನೆಯೊಂದೇ ಉಳಿದದ್ದು. ಗುರುವನ್ನು ಒಮ್ಮೆಯೂ ಕಾಣದ ಮಕ್ಕಳು ಬೆಳೆದು ದೊಡ್ಡವರಾಗಿ, ಅವರಿಗೂ ಮಕ್ಕಳಾದವು. ನಮ್ಮ ಸಣ್ಣ ಊರುಗಳಲ್ಲಿ ಗುರುಗಳು ಈ ಭಾನುವಾರ ಬರಲಿಲ್ಲವೆಂದು ಬೇಸರ ಮಾಡಿಕೊಳ್ಳುವವರು ಇದನ್ನು ಸ್ವಲ್ಪ ಎಣಿಸಿ ನೋಡಬೇಕು.

1686ರಲ್ಲಿ ವಾಜರು ಹೊರಟರು. ಜೊತೆಗಿದ್ದದ್ದು ಜಾನ್ ಎಂಬ ಸೇವಕ. ಗುರುವಿನ ನಿಲುವಂಗಿ ತೆಗೆದಿಟ್ಟು ಕೂಲಿಯವನ ವೇಷ ಹಾಕಿದರು. ತೂತುಕುಡಿಯಿಂದ ಸಮುದ್ರ ದಾಟಿ 1687ರಲ್ಲಿ ದ್ವೀಪ ಮುಟ್ಟುವಷ್ಟರಲ್ಲಿ ರಕ್ತಭೇದಿ ಹಿಡಿದು ಹೆಣದಂತಾಗಿದ್ದರು. ಒಬ್ಬ ತಾಯಿ ಗಂಜಿ ಕೊಟ್ಟು ಬದುಕಿಸಿದಳೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಆ ತಾಯಿಯ ಹೆಸರು ನಮಗೆ ಬಂದಿಲ್ಲ. ಬೆತ್ಲೆಹೇಮಿನಲ್ಲಿ ದನದ ಕೊಟ್ಟಿಗೆ ಬಿಟ್ಟುಕೊಟ್ಟವನ ಹೆಸರೂ ಶುಭಸಂದೇಶದಲ್ಲಿ ಇಲ್ಲವಲ್ಲ.

ಗುಣವಾದ ಮೇಲೆ ವಾಜರು ಮಾಡಿದ ಉಪಾಯ ಬಲು ಸರಳ. ಕೊರಳಿಗೆ ಜಪಸರ ಹಾಕಿಕೊಂಡು ಮನೆ ಮನೆ ಮುಂದೆ ನಿಂತು ಭಿಕ್ಷೆ ಬೇಡಿದರು. ಜಪಸರ ನೋಡಿ ಯಾರ ಮುಖ ಬದಲಾಗುತ್ತದೆ, ಯಾರ ಕಣ್ಣು ಅದರ ಮೇಲೆ ನಿಲ್ಲುತ್ತದೆ ಎಂದು ಗಮನಿಸಿದರು. ಹೀಗೆ ಒಂದೊಂದೇ ಮನೆ ಗುರುತಾಯಿತು. ತಾನು ಯಾರೆಂದು ಹೇಳಿದಾಗ ಮೊದಲು ಹೆದರಿದರು. ಡಚ್ಚರ ಗೂಢಚಾರ ಇರಬಹುದಲ್ಲ! ನಂಬಿಕೆ ಬಂದ ಮೇಲೆ ಸಿಲ್ಲಾಲೆ ಎಂಬ ಹಳ್ಳಿಯವರು ಅವರನ್ನು ಬಚ್ಚಿಟ್ಟುಕೊಂಡರು. ಹಗಲು ಅಡಗಿರುವುದು, ರಾತ್ರಿ ಬಲಿಪೂಜೆ. ಮೂವತ್ತು ವರ್ಷದ ಪಾಪನಿವೇದನೆಗಳು, ದೀಕ್ಷಾಸ್ನಾನಗಳು, ಮದುವೆಯ ಆಶೀರ್ವಾದಗಳು ಎಲ್ಲಾ ಬಾಕಿ ಇದ್ದವು. ದೇವರು ಬಡವನಾಗಿ ಬಂದ ಎಂದು ಪ್ರತಿ ಕ್ರಿಸ್ಮಸ್‌ಗೆ ಕೇಳುತ್ತೇವೆ, ಗೋದಲಿ ಕಟ್ಟಿ ನೋಡುತ್ತೇವೆ. ಜಾಫ್ನಾದ ಮಂದಿ ಅದನ್ನು ತಮ್ಮ ಬಾಗಿಲಲ್ಲೇ ನಿಂತ ಭಿಕ್ಷುಕನಲ್ಲಿ ಕಂಡರು.

ಈಗ ಆ ರಾತ್ರಿಯ ವಿಷಯ. 1689ರ ಕ್ರಿಸ್ಮಸ್ ರಾತ್ರಿ. ಜಾಫ್ನಾದ ಒಂದು ಮನೆಯಲ್ಲಿ ಸುಮಾರು 300 ಜನ ನಡುರಾತ್ರಿಯ ಬಲಿಪೂಜೆಗೆ ಗುಟ್ಟಾಗಿ ಕೂಡಿದ್ದರು. ಸುದ್ದಿ ಡಚ್ ಅಧಿಕಾರಿ ಫ್ಲೋರಿಸ್ ಬ್ಲೋಮ್‌ಗೆ ಮುಟ್ಟಿತು. ಸಿಪಾಯಿಗಳು ಮನೆಗೆ ನುಗ್ಗಿದರು. ಪೂಜೆಗೆ ಇಟ್ಟ ಸಾಮಾನು ಒಡೆದರು, ಬಂದವರನ್ನು ಹೊಡೆದು ಹಿಡಿದೊಯ್ದರು. ಗುರು ಮಾತ್ರ ಸಿಗಲಿಲ್ಲ. ಅವರ ಸುಳಿವು ಯಾರೂ ಕೊಡಲಿಲ್ಲ. ಮುಖಂಡರೆಂದು ಎಂಟು ಮಂದಿಯನ್ನು ಆರಿಸಿ ದಂಡಿಸಿದರು. ಅವರಲ್ಲಿ ದೊನ್ ಪೆದ್ರು ಎಂಬವನು ಚಾಟಿ ಏಟಿಗೇ ಪ್ರಾಣ ಬಿಟ್ಟ. ಉಳಿದ ಏಳು ಜನರನ್ನು ಬೇಡಿ ಹಾಕಿ ದುಡಿಯಲು ಹಚ್ಚಿದರು.

ಕ್ರಿಸ್ಮಸ್ ಬಲಿಪೂಜೆಗೆ ಹೋಗಿದ್ದಕ್ಕೆ ತೆತ್ತ ಬೆಲೆ ಇದು. ಹೆರೋದನ ಸಿಪಾಯಿಗಳು ಬೆತ್ಲೆಹೇಮಿಗೆ ಬಂದ ಕಥೆಯನ್ನು ನಾವು ಡಿಸೆಂಬರ್ 28ರಂದು ಸ್ಮರಿಸುತ್ತೇವೆ. ಮಗು ಯೇಸು ಈಜಿಪ್ಟಿಗೆ ತಪ್ಪಿಸಿಕೊಂಡ, ಊರಿನ ಹಸುಗೂಸುಗಳು ಸತ್ತವು. ಇಲ್ಲಿಯೂ ಗುರು ಉಳಿದರು, ಅವರನ್ನು ಉಳಿಸಿದವರು ಪೆಟ್ಟು ತಿಂದರು. ಈ ಭಾರ ವಾಜರ ಎದೆಯ ಮೇಲೆ ಎಷ್ಟಿತ್ತೋ ದೇವರೇ ಬಲ್ಲ. ಅವರು ಓಡಿ ಗೋವಾ ಸೇರಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಸೇರಲಿಲ್ಲ. ಪುತ್ತಲಂಗೆ ಹೋದರು, ಅಲ್ಲಿಂದ 1692ರಲ್ಲಿ ಬೌದ್ಧ ಅರಸ ಎರಡನೇ ವಿಮಲಧರ್ಮಸೂರ್ಯನ ರಾಜಧಾನಿ ಕ್ಯಾಂಡಿಗೆ.

ಅಲ್ಲಿ ಸ್ವಾಗತ ಸೆರೆಮನೆಯಲ್ಲಿ! ಪೋರ್ಚುಗೀಸರ ಬೇಹುಗಾರ ಎಂದು ಯಾರೋ ಅರಸನ ಕಿವಿಗೆ ಹಾಕಿದ್ದರು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು, ಕಾವಲು ಸಡಿಲಾದಂತೆ ಒಂದು ಗುಡಿಸಲು ಕಟ್ಟಿ ಅದನ್ನೇ ದೇವಾಲಯ ಮಾಡಿಕೊಂಡರು. ಬರಗಾಲದಲ್ಲಿ ಅವರು ಪ್ರಾರ್ಥಿಸಿದಾಗ ಮಳೆ ಬಂತೆಂಬುದು ಅಲ್ಲಿನವರ ನಂಬಿಕೆ. 1697ರಲ್ಲಿ ಸಿಡುಬು ಬಂದಾಗ ಮಾತ್ರ ಎಲ್ಲರೂ ಕಣ್ಣಾರೆ ಕಂಡರು: ಮನೆಯವರೇ ರೋಗಿಗಳನ್ನು ಬಿಟ್ಟು ಹೋಗುತ್ತಿದ್ದರೆ, ವಾಜರು ತಮ್ಮ ಸಂಬಂಧಿ ಗುರು ಜೋಸೆಫ್ ಕರ್ವಾಲ್ಹೊ ಜೊತೆ ಅವರ ಗಾಯ ತೊಳೆದರು, ಉಣ್ಣಿಸಿದರು, ಸತ್ತವರನ್ನು ಹೂಳಿದರು. ಮತ ಕೇಳಲಿಲ್ಲ. ಅರಸನಿಗೆ ಅವರ ಮೇಲಿದ್ದ ಗೌರವ ಹೆಚ್ಚಿತು. ಗೋವಾದಿಂದ ಇನ್ನಷ್ಟು ಗುರುಗಳು ಬಂದರು. ಧರ್ಮಾಧ್ಯಕ್ಷ ಪದವಿ ತಾನಾಗಿ ಬಂದಾಗ ವಾಜರು ಒಲ್ಲೆನೆಂದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 24 ವರ್ಷ ಆ ದ್ವೀಪದಲ್ಲಿದ್ದರು, ತಾಯ್ನೆಲಕ್ಕೆ ಮರಳಲೇ ಇಲ್ಲ. ಪೋಪ್ ಎರಡನೇ ಜಾನ್ ಪಾಲ್ 1995ರ ಜನವರಿ 21ರಂದು ಅವರನ್ನು ಪುನೀತರೆಂದು, ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಸಂತರೆಂದು ಘೋಷಿಸಿದರು. ಎರಡೂ ನಡೆದದ್ದು ಕೊಲಂಬೊದಲ್ಲಿ, ಒಂದು ಕಾಲದಲ್ಲಿ ಗುರುವಿಗೆ ಕಾಲಿಡಲು ಬಿಡದಿದ್ದ ಊರಿನಲ್ಲಿ. ಅವರ ಹಬ್ಬ ಜನವರಿ 16ಕ್ಕೆ. ನಮ್ಮ ಕಡೆ ಸಂಕ್ರಾಂತಿಯ ಸಜ್ಜಿ ರೊಟ್ಟಿ, ಎಳ್ಳು ಹೋಳಿಗೆ ಇನ್ನೂ ಮನೆಯಲ್ಲಿರುವ ಹೊತ್ತು. ಈ ವರ್ಷ ಗೋದಲಿಯ ಮುಂದೆ ಕೂಡ್ರುವಾಗ ದೊನ್ ಪೆದ್ರುವಿಗೂ, ಗಂಜಿ ಕೊಟ್ಟ ಆ ತಾಯಿಗೂ ಒಂದು ನಮೋ ಮರಿಯ ಹೇಳಿರಿ.