ಬಿಸಿಲನ್ನು ಅಳೆದಿಟ್ಟ ಅನ್ನಾ ಮಣಿ

ಮದ್ದೂರು ತಾಲ್ಲೂಕಿನ ನಿಡಘಟ್ಟದ ಬಯಲಿಗೆ ಬೀಳುವ ಬಿಸಿಲೆಷ್ಟು? ಉಷ್ಣಮಾಪಕವೊಂದಿದ್ದರೆ ಅಂದಾಜಿಸಬಹುದು. ಆಗಸ ನಿರ್ಮಲವಾಗಿದ್ದರೆ ಹಗಲು ಕಾಯುತ್ತದೆ, ಇರುಳು ತಣಿಯುತ್ತದೆ. ಮೋಡ ಕವಿದರೆ ಗರಿಷ್ಠ, ಕನಿಷ್ಠ ಉಷ್ಣಾಂಶಗಳ ಅಂತರ ಕುಗ್ಗುತ್ತದೆ. ವಾಯುಮಂಡಲದ ಮೇಲ್ತುದಿಗೆ ತಲಪುವ ವಿಕಿರಣವನ್ನು ಆ ಅಂತರದ ವರ್ಗಮೂಲದಿಂದಲೂ ಸ್ಥಳಕ್ಕೊಪ್ಪುವ ಗುಣಾಂಕದಿಂದಲೂ ಗುಣಿಸಿದರಾಯಿತು. ಆದರೆ ಆ ಗುಣಾಂಕ ನಿಷ್ಕರ್ಷೆಯಾಗಲು ಎಲ್ಲಾದರೂ ನಿಜವಾಗಿ ಅಳೆದ ಅಂಕಿಗಳಿರಬೇಕು. ಭಾರತದಲ್ಲಿ ಆ ಅಳತೆಗೆ ಬುನಾದಿ ಹಾಕಿದವರು ಅನ್ನಾ ಮಣಿ.

1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಜನಿಸಿದ ಅವರು ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಬೇಡವೆಂದು ವಿಶ್ವಕೋಶ ಕೇಳಿ ಪಡೆದರು. ವಜ್ರ ಮಾತ್ರ ಅವರನ್ನು ಬಿಡಲಿಲ್ಲವೆನ್ನಿ! 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ರೋಹಿತವನ್ನೇ ಅಭ್ಯಸಿಸಿದರು. ಒಂದೊಂದು ಛಾಯಾಫಲಕಕ್ಕೆ 15ರಿಂದ 20 ತಾಸು ಬೆಳಕು ಹಾಯಿಸಬೇಕಿದ್ದುದರಿಂದ ಎಷ್ಟೋ ಇರುಳು ಅಲ್ಲಿಯೇ ಕಳೆದವು. ಐದು ಸಂಶೋಧನ ಲೇಖನಗಳು ಪ್ರಕಟವಾದವು. ಆದರೂ ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾನಿಲಯ ಡಾಕ್ಟರೇಟ್ ನೀಡಲಿಲ್ಲ. ಅನ್ಯಾಯವೇ ಸರಿ.

1945ರಲ್ಲಿ ಲಂಡನ್ನಿಗೆ ತೆರಳಿ ಹವಾಮಾನ ಉಪಕರಣಗಳ ವಿದ್ಯೆ ಕಲಿತ ಅವರು, 1948ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಸುಮಾರು ನೂರು ಉಪಕರಣಗಳ ನಕಾಶೆಗಳನ್ನು ಸಿದ್ಧಪಡಿಸಿ, ಅವನ್ನು ದೇಶದಲ್ಲೇ ತಯಾರಿಸುವಂತೆ ಮಾಡಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೌರ ವಿಕಿರಣ ಕೇಂದ್ರಗಳ ಜಾಲ ಹೆಣೆದರು. 1976ರಲ್ಲಿ ನಿವೃತ್ತರಾದ ಮೇಲೆ, 1980ರಲ್ಲಿ ಭಾರತದ ಸೌರ ವಿಕಿರಣದ ದತ್ತಾಂಶ ಕೈಪಿಡಿ ಹೊರತಂದರು. ಬೆಂಗಳೂರಿಗೆ ಮರಳಿ ಗಾಳಿ, ಬಿಸಿಲುಗಳನ್ನು ಅಳೆಯುವ ಉಪಕರಣಗಳ ಪುಟ್ಟ ಕಾರ್ಯಾಗಾರವನ್ನೂ ನಡೆಸಿದರು.

2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು. ಪದವಿ ದೊರೆಯದ ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯ ಸೇರಿತು.