ಹಳ್ಳಿಯ ಅರ್ಥಶಾಸ್ತ್ರಜ್ಞ ಜೆ. ಸಿ. ಕುಮಾರಪ್ಪ

ಲೋಕದಲ್ಲಿ ಹಣದ ಲೆಕ್ಕ ಬಲ್ಲವರು ಬಹಳ ಮಂದಿ. ಆದರೆ ಭೂಮಿತಾಯಿಯಿಂದ ನಾವು ಪಡೆದದ್ದೆಷ್ಟು, ಹಿಂದಿರುಗಿಸಿದ್ದೆಷ್ಟು ಎಂಬ ಲೆಕ್ಕ ಇಟ್ಟವರು ವಿರಳ. ಅಂತಹ ವಿರಳರಲ್ಲಿ ಜೆ. ಸಿ. ಕುಮಾರಪ್ಪನವರು ಅಗ್ರಗಣ್ಯರು.

ಕುಮಾರಪ್ಪನವರು 1892ನೆಯ ಇಸವಿ ಜನವರಿ 4ರಂದು ತಂಜಾವೂರಿನ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದರು. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯ ಶಿಕ್ಷಣ ಪಡೆದು ಬಂದು, ಮುಂಬಯಿಯಲ್ಲಿ ಸ್ವಂತ ಕಚೇರಿ ನಡೆಸಿದರು. ಬಳಿಕ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಹಣಕಾಸನ್ನು ಅಭ್ಯಾಸ ಮಾಡಿದರು. ಪರಕೀಯ ಸರಕಾರದ ತೆರಿಗೆ ಮತ್ತು ವೆಚ್ಚದ ರೀತಿಯಿಂದ ನಮ್ಮ ದೇಶ ಹೇಗೆ ಬಡವಾಯಿತೆಂಬುದು ಅಲ್ಲಿ ಅವರಿಗೆ ಮನದಟ್ಟಾಯಿತು.

1929ರಲ್ಲಿ ಸಾಬರಮತಿಯಲ್ಲಿ ಗಾಂಧೀಜಿಯವರ ಭೇಟಿಯಾಯಿತು. ಗಾಂಧೀಜಿ ಅವರಿಗೆ ಗುಜರಾತಿನ ಮಾತರ್ ತಾಲೂಕಿನ ಹಳ್ಳಿಗಳ ಆರ್ಥಿಕ ಸ್ಥಿತಿಯನ್ನು ಪರಿಶೀಲಿಸುವ ಕೆಲಸ ಒಪ್ಪಿಸಿದರು. ಸೂಟು ಬೂಟುಗಳ ಲೆಕ್ಕಿಗರು ಖಾದಿ ತೊಟ್ಟು ರೈತರ ಅಂಗಳಕ್ಕೆ ಇಳಿದರು. ಕೈತುಂಬ ಬರುತ್ತಿದ್ದ ಸಂಪಾದನೆಯ ದಾರಿಯನ್ನು ಮತ್ತೆ ತಿರುಗಿ ನೋಡಲಿಲ್ಲ.

1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪನೆಯಾದಾಗ ಕುಮಾರಪ್ಪನವರೇ ಅದರ ಕಾರ್ಯದರ್ಶಿಯಾದರು. ವಾರ್ಧಾದ ಮಗನವಾಡಿ ಅವರ ಕರ್ಮಭೂಮಿಯಾಯಿತು. ಅಲ್ಲಿ ಎತ್ತಿನ ಗಾಣ, ಜೇನುಸಾಕಣೆ, ಕೈಕಾಗದ ಮುಂತಾದ ಕಸುಬುಗಳಿಗೆ ಹೊಸ ಜೀವ ಬಂದಿತು. ಚಿಂದಿ ಬಟ್ಟೆ ಮತ್ತು ರದ್ದಿ ಕಾಗದಗಳನ್ನು ನೆನೆಸಿ, ಕುಟ್ಟಿ, ತಿಳಿಯಾದ ಗಂಜಿಯಂತೆ ಮಾಡಿ, ಜಾಲರಿಯಲ್ಲಿ ಎತ್ತಿ ಒಣಗಿಸಿದರೆ ಹೊಸ ಹಾಳೆ ಸಿದ್ಧ! ಸಂಘದ ಪತ್ರಿಕೆ, ಪುಸ್ತಕಗಳು ಇಂತಹ ಕೈಕಾಗದದ ಮೇಲೆಯೇ ಅಚ್ಚಾಗುತ್ತಿದ್ದವು. ದೂರದೇಶದ ಸೀಮೆಎಣ್ಣೆಯ ಬದಲು ಊರಿನ ಗಾಣದ ಎಣ್ಣೆಯಿಂದಲೇ ಉರಿಯುವ 'ಮಗನ ದೀಪ' ಎಂಬ ಲಾಂದ್ರವೂ ಅಲ್ಲಿ ರೂಪುಗೊಂಡಿತು. ಸಗಣಿ, ಎಲೆ, ಮಲಮೂತ್ರ ಯಾವುದೂ ಕಸವಲ್ಲ, ಮಣ್ಣಿಗೆ ಸೇರಿದರೆ ಅದೇ ಗೊಬ್ಬರ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಸ್ವಾತಂತ್ರ್ಯ ಹೋರಾಟದಲ್ಲಿ ಅವರು ಹಲವು ಬಾರಿ ಸೆರೆವಾಸ ಅನುಭವಿಸಿದರು. ಜಬಲ್‌ಪುರದ ಸೆರೆಮನೆಯಲ್ಲಿ ದೇಹ ಸೊರಗಿದರೂ ಲೇಖನಿ ನಿಲ್ಲಲಿಲ್ಲ. ಶಾಶ್ವತ ಅರ್ಥವ್ಯವಸ್ಥೆಯನ್ನು ಕುರಿತು ಅಲ್ಲಿ ಅವರು ಬರೆದ ಗ್ರಂಥ 1945ರಲ್ಲಿ ಪ್ರಕಟವಾಯಿತು. ಅವರ ವಿಚಾರ ಮಕ್ಕಳಿಗೂ ತಿಳಿಯುವಷ್ಟು ಸರಳ. ಕಲ್ಲಿದ್ದಲು, ಪೆಟ್ರೋಲು ಮುಂತಾದವು ಒರತೆಯಿಲ್ಲದ ತೊಟ್ಟಿಯ ನೀರಿನಂತೆ, ಮೊಗೆದಷ್ಟೂ ಕಡಿಮೆಯಾಗುತ್ತವೆ. ಬೆಳೆಯುವ ಕಾಡು ಹರಿಯುವ ಹೊಳೆಯಂತೆ, ಮಿತವಾಗಿ ಬಳಸಿದರೆ ಬತ್ತುವುದಿಲ್ಲ. ತೊಟ್ಟಿಯನ್ನೇ ನಂಬಿದ ಸಮಾಜದಲ್ಲಿ ಉಳಿದ ನೀರಿಗಾಗಿ ಜಗಳ ತಪ್ಪದು. ಯುದ್ಧಗಳ ಮೂಲವನ್ನೂ ಅವರು ಇಲ್ಲಿಯೇ ಕಂಡರು.

ಸ್ವಾತಂತ್ರ್ಯ ಬಂದ ಮೇಲೆ ದೇಶ ದೊಡ್ಡ ಕಾರ್ಖಾನೆಗಳ ಹಾದಿ ಹಿಡಿಯಿತು. ಕುಮಾರಪ್ಪನವರ ಮಾತಿಗೆ ಕಿವಿಗೊಟ್ಟವರು ಕಡಿಮೆ. ಆದರೂ ಅವರು ಎದೆಗುಂದಲಿಲ್ಲ. ಮಧುರೆ ಬಳಿಯ ಕಲ್ಲುಪಟ್ಟಿಯ ಆಶ್ರಮದಲ್ಲಿ ಸರಳವಾಗಿ ಬದುಕಿ, 1960ರ ಜನವರಿ 30ರಂದು, ಗಾಂಧೀಜಿಯವರ ಪುಣ್ಯತಿಥಿಯಂದೇ, ಕೀರ್ತಿಶೇಷರಾದರು.

ವಿದ್ಯಾರ್ಥಿ ಮಿತ್ರರೇ, ಇಂದು ಊರೂರಿನಲ್ಲಿಯೂ ಪ್ಲಾಸ್ಟಿಕ್ಕಿನ ರಾಶಿ ಬೆಳೆಯುತ್ತಿದೆ. ಪ್ಲಾಸ್ಟಿಕ್ಕು ಹುಟ್ಟುವುದು ಅವರು ಎಚ್ಚರಿಸಿದ ಆ ತೊಟ್ಟಿಯ ಎಣ್ಣೆಯಿಂದಲೇ. ಪೇಟೆಗೆ ಹೋಗುವಾಗ ಒಂದು ಬಟ್ಟೆಯ ಚೀಲ ಒಯ್ಯೋಣ. ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳನ್ನು ಹೊಲಿದು ಬಳಸೋಣ. ಅಡುಗೆಮನೆಯ ಸಿಪ್ಪೆಯನ್ನು ಗಿಡದ ಬುಡಕ್ಕೆ ಹಾಕೋಣ. ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಇದೇ ಅಲ್ಲವೇ?